ಜೀವನದ ಅರ್ಥ ಯಾರಿಗೆ?

ಕಳೆದ ಚಾತುರ್ಮಾಸ್ಯದಲ್ಲಿ ನಮ್ಮ ಶಾಖಾಮಠದ ಉಪನಿಷತ್ಪಾಠ ಮುಗಿದು, ಮಂಗಳಾರತಿಯಾಗಿ ಎಲ್ಲರೂ ಏಳುತ್ತಿದ್ದ ಹೊತ್ತಿನಲ್ಲಿ, ನಿತ್ಯವೂ ಹಿಂದಿನ ಸಾಲಿನಲ್ಲಿ ಕುಳಿತು ಪಾಠ ಕೇಳುತ್ತಿದ್ದ ಒಬ್ಬ ಮಹಿಳೆ ನನ್ನ ಬಳಿಗೆ ಬಂದರು. ಅವರ ತಂದೆಯವರು ಮರೆವಿನ ರೋಗಕ್ಕೆ ತುತ್ತಾಗಿ ಮೂರು ವರ್ಷ ಹಾಸಿಗೆ ಹಿಡಿದು, ಆರು ತಿಂಗಳ ಹಿಂದೆಯಷ್ಟೇ ಹರಿಪಾದವನ್ನು ಸೇರಿದ್ದರು. "ರಾಯರೇ, ಕೊನೆಗೆ ಅವರು ನನ್ನ ಹೆಸರನ್ನೂ ಮರೆತರು, ತಮ್ಮ ಹೆಸರನ್ನೂ ಮರೆತರು. ಜಪವಿಲ್ಲ, ಪೂಜೆಯಿಲ್ಲ, ಯಾರ ಗುರುತೂ ಇಲ್ಲ. ಆ ಮೂರು ವರ್ಷಗಳ ಬದುಕಿಗೆ ಏನು ಅರ್ಥವಿತ್ತು?" ಎಂದು ಕೇಳಿದರು.

ನಾನು ಥಟ್ಟನೆ, "ಪ್ರಾರಬ್ಧ ತಾಯೀ, ಭೋಗಿಸಿಯೇ ತೀರಬೇಕಲ್ಲವೆ?" ಎಂದೆ. ಅವರು "ಹೌದು" ಎಂದಷ್ಟೇ ಹೇಳಿ, ನಮಸ್ಕರಿಸಿ ಹೊರಟುಹೋದರು. ಆ "ಹೌದು" ಎಂಬುದರಲ್ಲಿ ಸಮಾಧಾನವಿರಲಿಲ್ಲವೆಂಬುದು ಮನೆಯ ದಾರಿ ಹಿಡಿದ ಮೇಲೆ ನನಗೆ ಹೊಳೆಯಿತು. ಅವರು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಈ ಲೇಖನವು ಆ ದಿನ ಕೊಡಬೇಕಾಗಿದ್ದ ಉತ್ತರದ ಒಂದು ಪ್ರಯತ್ನ.

ಪ್ರಾರಬ್ಧವೆಂಬುದು ಹೇತು, ಪ್ರಯೋಜನವಲ್ಲ. ಕನ್ನಡದಲ್ಲಿ "ಏಕೆ" ಎಂಬ ಒಂದೇ ಪದವು ಎರಡನ್ನೂ ಹೊತ್ತುಕೊಂಡಿರುವುದರಿಂದ ಇಂತಹ ತೊಡಕು ಉಂಟಾಗುತ್ತದೆ. "ಗಾಡಿ ಏಕೆ ನಿಂತಿತು?" ಎಂದರೆ ಸಿಗ್ನಲ್ ಸಿಗಲಿಲ್ಲವೆಂಬುದು ಉತ್ತರ. "ಗಾಡಿ ಏಕೆ ಓಡುತ್ತದೆ?" ಎಂದರೆ ಜನರನ್ನು ಊರು ಮುಟ್ಟಿಸುವುದಕ್ಕೆ ಎಂಬುದು ಉತ್ತರ. ಮೊದಲನೆಯದಕ್ಕೆ ಎರಡನೆಯ ಉತ್ತರ ಸಲ್ಲದು, ಎರಡನೆಯದಕ್ಕೆ ಮೊದಲನೆಯದೂ ಸಲ್ಲದು. ಆ ಮಹಿಳೆ ರೋಗದ ಕಾರಣವನ್ನು ಕೇಳಲಿಲ್ಲ, ಬದುಕಿನ ಪ್ರಯೋಜನವನ್ನು ಕೇಳಿದರು.

(ರೈಲ್ವೆಯಲ್ಲಿ ದುಡಿದವನಾದುದರಿಂದ ನಾನು ಜೀವನವನ್ನು ರೈಲುಪ್ರಯಾಣಕ್ಕೆ ಹೋಲಿಸುವೆನೆಂದು ಕೆಲವು ವಾಚಕರು ನಿರೀಕ್ಷಿಸುತ್ತಿರಬಹುದು. ನಿವೃತ್ತರ ಸಭೆಗಳಲ್ಲಿ ಆ ಹೋಲಿಕೆಯನ್ನು ಕೇಳಿ ಕೇಳಿ ಸಾಕಾಗಿದೆ. ಅದನ್ನು ಇಲ್ಲಿಗೇ ಬಿಡೋಣ.)

"ಅರ್ಥ" ಎಂಬ ಪದವನ್ನೇ ಮೊದಲು ನೋಡಬೇಕು. ಸಂಸ್ಕೃತದಲ್ಲಿ ಅದಕ್ಕೆ ಪದದಿಂದ ತಿಳಿಯುವ ವಸ್ತು, ಧನ, ಪ್ರಯೋಜನ ಎಂದು ಹಲವು ತಾತ್ಪರ್ಯಗಳಿವೆ. ಇವೆಲ್ಲಕ್ಕೂ ಸಮಾನವಾದ ಒಂದು ಸಂಗತಿಯುಂಟು. ಪದವು ತನ್ನನ್ನೇ ಹೇಳುವುದಿಲ್ಲ. "ಘಟ" ಎಂಬ ಶಬ್ದವು ಎರಡು ಅಕ್ಷರಗಳನ್ನು ಹೇಳಿ ಸುಮ್ಮನಾಗದೆ ತನ್ನ ಹೊರಗಿರುವ ಗಡಿಗೆಯನ್ನು ತೋರಿಸುತ್ತದೆ. ಧನವೂ ಅಷ್ಟೇ, ಅದರಿಂದ ಕೊಳ್ಳುವ ವಸ್ತುವಿಲ್ಲದಿದ್ದರೆ ಅದು ಬರಿಯ ಕಾಗದ. ಆದುದರಿಂದ ಜೀವನದ ಅರ್ಥವು ಜೀವನದೊಳಗಿನ ಘಟನೆಗಳ ಮೊತ್ತದಲ್ಲಿಯೇ ಇರಬೇಕೆಂದು ಹುಡುಕುವವರು ಅಕ್ಷರಗಳನ್ನು ಎಣಿಸಿ ಪದದ ಅರ್ಥವನ್ನು ಹುಡುಕಿದಂತಾಗುತ್ತದೆ. ಎಲ್ಲ ಶಬ್ದಗಳೂ ಮುಖ್ಯವೃತ್ತಿಯಿಂದ ಶ್ರೀವಿಷ್ಣುವನ್ನೇ ಹೇಳುತ್ತವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಬ್ರಹ್ಮಸೂತ್ರಗಳ ಮೊದಲ ಅಧ್ಯಾಯಕ್ಕೆ ಸಮನ್ವಯಾಧ್ಯಾಯವೆಂಬ ಹೆಸರು ಬಂದಿರುವುದೂ ಆ ಕಾರಣದಿಂದಲೇ. ಶಬ್ದಕ್ಕೆ ಹೇಳಿದ ಈ ಮಾತು ಜೀವನಿಗೂ ಸಲ್ಲುತ್ತದೆಯೆಂದು ನನ್ನ ಅಭಿಪ್ರಾಯ. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮಂತಹ ನಗರವಾಸಿಗಳು ಬಾಯಿಬಿಟ್ಟು ಹೇಳದೆಯೇ ನಂಬಿಕೊಂಡಿರುವ ಅರ್ಥಗಳು ಕೆಲವಿವೆ. ಮೊದಲನೆಯದು ಉದ್ಯೋಗ. ನಾನು ಅಧಿಕಾರದಲ್ಲಿದ್ದಾಗ ನಡುರಾತ್ರಿಯಲ್ಲಿಯೂ ದೂರವಾಣಿ ಕರೆಗಳು ಬರುತ್ತಿದ್ದವು. ಅದನ್ನು ಶಪಿಸುತ್ತಿದ್ದೆ. ನಿವೃತ್ತನಾದ ಮೇಲೆ ಎರಡು ವಾರ ಅದು ಮೌನವಾಗಿದ್ದಾಗ, ಕೆಟ್ಟುಹೋಗಿದೆಯೇ ಎಂದು ಎತ್ತಿ ಕಿವಿಗೆ ಹಿಡಿದು ನೋಡಿದೆನೆಂಬುದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಎರಡನೆಯದು ಸಂತಾನ ಮತ್ತು ಹೆಸರು: ನಾನು ಹೋದರೂ ನನ್ನ ಮಕ್ಕಳು ಇರುತ್ತಾರೆ, ನಾಲ್ಕು ಜನ ನೆನೆಯುತ್ತಾರೆ ಎಂಬ ಭಾವನೆ. ನಮ್ಮ ಮುತ್ತಜ್ಜನ ತಂದೆಯ ಹೆಸರನ್ನು ಶ್ರಾದ್ಧದ ಪುಸ್ತಕವನ್ನು ನೋಡದೆ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಮೂರನೆಯದು ಸಮಾಜಸೇವೆ. ಇದು ಮೊದಲಿನೆರಡಕ್ಕಿಂತ ಉತ್ತಮವೆಂಬುದರಲ್ಲಿ ಸಂಶಯವಿಲ್ಲ. ಆದರೆ ಸೇವೆ ಮಾಡಲು ಶಕ್ತಿಯಿರುವವರೆಗೆ ಮಾತ್ರ ಅದು ಅರ್ಥವನ್ನು ಕೊಡುತ್ತದೆ. ಹಾಸಿಗೆ ಹಿಡಿದವನು ಸೇವೆ ಮಾಡುವವನಲ್ಲ, ಸೇವೆ ಪಡೆಯುವವನು.

ಪಾಶ್ಚಾತ್ಯರಲ್ಲಿ ಈ ವಿಷಯವನ್ನು ಗಂಭೀರವಾಗಿ ಚಿಂತಿಸಿದವರಲ್ಲಿ ವಿಯೆನ್ನಾ ನಗರದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಒಬ್ಬರು. ನಾಜಿಗಳ ಯಾತನಾಶಿಬಿರಗಳಲ್ಲಿ ಬದುಕುಳಿದು, 1946ರಲ್ಲಿ ತಮ್ಮ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಮಾಡುವ ಕೆಲಸದಲ್ಲಿ, ಪ್ರೀತಿಯಲ್ಲಿ, ಇವೆರಡೂ ಇಲ್ಲವಾದಾಗ ಅನಿವಾರ್ಯವಾದ ದುಃಖವನ್ನು ಎದುರಿಸುವ ಮನೋಭಾವದಲ್ಲಿ ಮನುಷ್ಯನಿಗೆ ಅರ್ಥವು ದೊರಕುತ್ತದೆಂಬುದು ಅವರ ವಿಚಾರ. ಕಷ್ಟವನ್ನು ಉಂಡು ಹೇಳಿದ ಮಾತಾದುದರಿಂದ ಅದಕ್ಕೆ ತೂಕವಿದೆ. ಆದರೆ ಮನೋಭಾವವನ್ನು ತಳೆಯಲು ಮನಸ್ಸು ಬೇಕಷ್ಟೆ? ಈ ರೋಗದಲ್ಲಿ ಹಾಳಾಗುವುದೇ ಮನಸ್ಸು. ಎಂತಹ ಮನೋರೋಗಿಯಲ್ಲಿಯೂ ರೋಗವು ಮುಟ್ಟಲಾರದ ಒಳಗಿನ ವ್ಯಕ್ತಿಯೊಬ್ಬನಿದ್ದಾನೆಂದು ಫ್ರಾಂಕಲ್ ಅವರೂ ನಂಬಿದ್ದರು. ಆ ನಂಬಿಕೆಯ ಮೇಲೆಯೇ ಅವರ ವೈದ್ಯವೃತ್ತಿ ನಿಂತಿತ್ತು. ಆ ಒಳಗಿನವನು ಯಾರು, ಅವನ ಲಕ್ಷಣವೇನು ಎಂಬುದಕ್ಕೆ ಮಾತ್ರ ನಾವು ನಮ್ಮ ಶಾಸ್ತ್ರಕ್ಕೆ ಬರಬೇಕಾಗುತ್ತದೆ.

ಶಾಸ್ತ್ರದಲ್ಲಿ ಇದಕ್ಕೆ ಪುರುಷಾರ್ಥವೆಂದು ಹೆಸರು. ಪುರುಷನಿಂದ, ಅಂದರೆ ಜೀವನಿಂದ ಬಯಸಲ್ಪಡುವುದು ಪುರುಷಾರ್ಥ. ಇದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಈ ಸಮಾಸದಲ್ಲಿಯೇ ಒಂದು ಪರೀಕ್ಷೆ ಅಡಗಿದೆ. ಬಯಸಿದ್ದು ದೊರಕಿದಾಗ ಬಯಸಿದವನು ಅದನ್ನು ಅನುಭವಿಸಲು ಉಳಿದಿರಬೇಕು. ಅವನೇ ಇಲ್ಲವಾದರೆ "ಅರ್ಥ" ಉಳಿದರೂ "ಪುರುಷ" ಉಳಿಯಲಿಲ್ಲ. ಈ ಒರೆಗಲ್ಲಿಗೆ ಒಂದೊಂದೇ ಮತವನ್ನು ತಿಕ್ಕಿ ನೋಡಿದರೆ ಅವುಗಳ ಗುಣ ತಾನಾಗಿ ತಿಳಿಯುತ್ತದೆ.

ಚಾರ್ವಾಕರು ದೇಹಸುಖವೇ ಗುರಿಯೆಂದರು. ದೇಹವೇ ಪುರುಷನಾದುದರಿಂದ ದೇಹ ಬಿದ್ದಾಗ ಇಬ್ಬರೂ ಒಟ್ಟಿಗೆ ಬೀಳುತ್ತಾರೆ. ಅದರ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಮೀಮಾಂಸಕರ ಸ್ವರ್ಗವು ಪುಣ್ಯವಿರುವವರೆಗೆ ಮಾತ್ರ. ನ್ಯಾಯ ವೈಶೇಷಿಕರು ಬಹು ಸೂಕ್ಷ್ಮಬುದ್ಧಿಯವರು. ದುಃಖವನ್ನು ಇಪ್ಪತ್ತೊಂದು ಬಗೆಯಾಗಿ ಎಣಿಸಿ, ಅವೆಲ್ಲದರ ಆತ್ಯಂತಿಕ ನಾಶವೇ ಅಪವರ್ಗವೆಂದರು. ಆದರೆ ಆ ಸ್ಥಿತಿಯಲ್ಲಿ ಆತ್ಮನಿಗೆ ದುಃಖದಂತೆ ಸುಖವೂ ಇಲ್ಲ, ಜ್ಞಾನವೂ ಇಲ್ಲ. ಶ್ರೀಹರ್ಷಕವಿಯ ನೈಷಧಕಾವ್ಯದ ಹದಿನೇಳನೆಯ ಸರ್ಗದಲ್ಲಿ ಚಾರ್ವಾಕನೊಬ್ಬನು ಇದನ್ನು ಹಿಡಿದು ಗೇಲಿ ಮಾಡುತ್ತಾನೆ. ಚೇತನರಿಗೆ ಕಲ್ಲಾಗುವುದನ್ನೇ ಮುಕ್ತಿಯೆಂದು ಉಪದೇಶಿಸಿದ ಗೋತಮಮುನಿಗೆ ಆ ಹೆಸರು ಸಾರ್ಥಕವೆಂದು ಅವನ ಕಟಕಿ. "ಗೋತಮ" ಎಂಬುದಕ್ಕೆ ಎತ್ತುಗಳಲ್ಲಿ ಶ್ರೇಷ್ಠವೆಂದೂ ಅರ್ಥ ಬರುತ್ತದೆಯಲ್ಲವೆ! ಹಾಸ್ಯವು ನಾಸ್ತಿಕನ ಬಾಯಿಂದ ಬಂದಿದ್ದರೂ ಆಕ್ಷೇಪಣೆ ಸರಿಯಾದುದೇ. ನೋವಿಲ್ಲದಿರುವುದೇ ಗುರಿಯಾದರೆ ಮಠದ ಅಂಗಳದ ಕಲ್ಲು ನಮಗಿಂತ ಮೊದಲೇ ಮುಕ್ತವಾಗಿದೆ. ಸಾಂಖ್ಯರ ಕೈವಲ್ಯಕ್ಕೂ ಬಹುಮಟ್ಟಿಗೆ ಇದೇ ಆಕ್ಷೇಪಣೆ. ಪುರುಷನು ಅಲ್ಲಿ ಉಳಿಯುತ್ತಾನೆ, ಅನುಭವಿಸಲು ಏನೂ ಉಳಿಯುವುದಿಲ್ಲ.

ಬೌದ್ಧರ ನಿರ್ವಾಣಕ್ಕೆ ದೀಪವು ಆರಿಹೋಗುವುದೇ ಉಪಮಾನ. ನಿರ್ವಾಣವನ್ನು ಪಡೆದವನು ಮರಣಾನಂತರ ಇರುತ್ತಾನೆಯೇ ಇಲ್ಲವೇ ಎಂದು ಕೇಳಿದಾಗ ಬುದ್ಧನು ಉತ್ತರಿಸದೆ ಬಿಟ್ಟನೆಂದು ಅವರ ಗ್ರಂಥಗಳೇ ಹೇಳುತ್ತವೆ. ನಮ್ಮ ಪ್ರಶ್ನೆಯಾದರೋ ಅದೇ. ಜೈನರು ಈ ಪರೀಕ್ಷೆಯಲ್ಲಿ ಅವರಿಗಿಂತ ಮುಂದಿದ್ದಾರೆಂದು ಒಪ್ಪಬೇಕು. ಅವರ ಸಿದ್ಧಜೀವನು ಬೇರೆಯಾಗಿಯೇ ಉಳಿದು ಅನಂತಜ್ಞಾನ, ಅನಂತಸುಖಗಳನ್ನು ಹೊಂದಿರುತ್ತಾನೆ. ಆದರೆ ಅವನಿಗೆ ಆ ಸುಖವನ್ನು ಕೊಡುವ ಸ್ವಾಮಿಯೊಬ್ಬನಿಲ್ಲ.

ಅದ್ವೈತಿಗಳ ಮಾತನ್ನು ಹಗುರಾಗಿ ತಳ್ಳಿಹಾಕುವುದು ಸಲ್ಲದು. ನಮ್ಮ ಸಭೆಗಳಲ್ಲಿ ಕೆಲವೊಮ್ಮೆ ಅದು ನಡೆಯುತ್ತದೆ, ನನಗೆ ಸರಿತೋರುವುದಿಲ್ಲ. ಬ್ರಹ್ಮವೇ ಆನಂದ, ಜೀವನು ವಸ್ತುತಃ ಆ ಬ್ರಹ್ಮವೇ, ಕೊರಳಿನಲ್ಲಿಯೇ ಇದ್ದ ಚಿನ್ನದ ಸರವನ್ನು ಮರೆತು ಊರೆಲ್ಲ ಹುಡುಕುವವನಂತೆ ಅವನಿಗೆ ಅವಿದ್ಯೆ ಕವಿದಿದೆ ಎಂದು ಅವರು ಹೇಳುತ್ತಾರೆ. ಹೊಸದಾಗಿ ಪಡೆಯುವುದೇನೂ ಇಲ್ಲವಾದುದರಿಂದ ಪಡೆಯುವವನ ಪ್ರಶ್ನೆಯೇ ಏಳದೆಂಬುದು ಅವರ ಸಮಾಧಾನ. ಆದರೆ ಸರವು ಸಿಕ್ಕಿದಾಗ "ನನ್ನ ಸರ ಸಿಕ್ಕಿತು" ಎಂದು ಹಿಗ್ಗುವವನು ದೃಷ್ಟಾಂತದಲ್ಲಿ ಉಳಿದಿದ್ದಾನೆ. ದಾರ್ಷ್ಟಾಂತಿಕದಲ್ಲಿ "ನಾನು" ಎಂಬುದು ಅಹಂಕಾರದೊಡನೆ ಬಾಧಿತವಾಗಿಹೋಗುತ್ತದೆ. "ಆನಂದವೊಂದು ಇರುತ್ತದೆ, ಆದರೆ ಅದನ್ನು ಸವಿಯಲು ನೀನು ಇರುವುದಿಲ್ಲ" ಎಂದರೆ ಯಾರು ತಾನೆ ಹೊರಟಾರು? ನಮ್ಮ ಆಚಾರ್ಯರು ಇದನ್ನು ಅಪುರುಷಾರ್ಥವೆಂದು ಕರೆದುದು ಇದಕ್ಕಾಗಿಯೇ. ವಿಶಿಷ್ಟಾದ್ವೈತಿಗಳಲ್ಲಿ ಜೀವನು ಉಳಿದು ಭಗವಂತನ ಕೈಂಕರ್ಯವನ್ನು ಮಾಡುತ್ತಾನೆ. ಈ ವಿಷಯದಲ್ಲಿ ಅವರೂ ನಾವೂ ನೆರೆಮನೆಯವರು. ಮುಕ್ತರೆಲ್ಲರ ಆನಂದವೂ ಸಮಾನವೆಂಬ ಅವರ ಮಾತಿನಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯ.

ಈ ಪರೀಕ್ಷೆಯು ನಮ್ಮ ಆಚಾರ್ಯರು ಹೊಸದಾಗಿ ಕಲ್ಪಿಸಿದ್ದಲ್ಲ, ಉಪನಿಷತ್ತಿನಲ್ಲಿಯೇ ಇದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಗೃಹಸ್ಥಾಶ್ರಮವನ್ನು ಬಿಟ್ಟು ಹೊರಡುವಾಗ ಇರುವುದನ್ನು ಕಾತ್ಯಾಯನಿಗೂ ಮೈತ್ರೇಯಿಗೂ ಹಂಚಿಕೊಡಲು ಮುಂದಾಗುತ್ತಾರೆ. ಇದು ಒಂದು ಬಗೆಯ ನಿವೃತ್ತಿಯ ಲೆಕ್ಕಾಚಾರ. ನಮ್ಮ ಭವಿಷ್ಯನಿಧಿ, ಗ್ರಾಚ್ಯುಟಿಗಳ ಕಾಗದಗಳಿಗೆ ಸಹಿ ಹಾಕುವಾಗ ನನಗೆ ಈ ಪ್ರಸಂಗ ನೆನಪಾಗಿತ್ತು. ಅಮೃತತ್ವವನ್ನು ಕೊಡಲಾರದ ಧನದಿಂದ ತನಗೇನು ಪ್ರಯೋಜನವೆಂದು ಮೈತ್ರೇಯಿ ಕೇಳುವ ಭಾಗವು ಎಲ್ಲರಿಗೂ ಗೊತ್ತು. ಅದರ ಮುಂದಿನದನ್ನು ಗಮನಿಸುವವರು ಕಡಿಮೆ. ಉಪದೇಶದ ನಡುವೆ, ಇಲ್ಲಿಂದ ಹೊರಟ ಮೇಲೆ ಸಂಜ್ಞೆಯೆಂಬುದಿಲ್ಲವೆಂಬರ್ಥದ ಮಾತನ್ನು ಯಾಜ್ಞವಲ್ಕ್ಯರು ಆಡಿದಾಗ ಮೈತ್ರೇಯಿ ಬೆಚ್ಚಿ, ತನ್ನನ್ನು ಮೋಹಕ್ಕೆ ಕೆಡವಿದಿರೆಂದು ತಡೆಯುತ್ತಾಳೆ. ತಿಳಿವೇ ಇಲ್ಲದ ಅಮೃತತ್ವವನ್ನು ಆಕೆ ಕೇಳಿರಲಿಲ್ಲ. ಅಲ್ಲಿಂದ ಮುಂದೆ, ಎಲ್ಲವೂ ಒಂದೇ ಆಗಿಬಿಟ್ಟರೆ ಯಾವುದರಿಂದ ಯಾರನ್ನು ಕಾಣುವುದೆಂದು ಬರುವ ಭಾಗವನ್ನು ಶ್ರೀಮದಾಚಾರ್ಯರು ಸಿದ್ಧಾಂತವೆಂದು ಗ್ರಹಿಸದೆ, ಹಾಗೆ ಒಪ್ಪಿದರೆ ಬರುವ ಅನಿಷ್ಟದ ಪ್ರದರ್ಶನವೆಂದು ವ್ಯಾಖ್ಯಾನಿಸಿದ್ದಾರೆ. ಮೈತ್ರೇಯಿಯ ಭೀತಿಯನ್ನು ನೆನೆದು ಓದಿದರೆ ಈ ವ್ಯಾಖ್ಯಾನ ಎಷ್ಟು ಸಹಜವೆಂಬುದು ತಿಳಿಯುತ್ತದೆ.

ಇದಕ್ಕಿಂತಲೂ ವಿಸ್ತಾರವಾದ ಪ್ರಸಂಗ ಛಾಂದೋಗ್ಯದ ಎಂಟನೆಯ ಅಧ್ಯಾಯದಲ್ಲಿದೆ. ಆತ್ಮನನ್ನು ತಿಳಿಯಲು ದೇವತೆಗಳಿಂದ ಇಂದ್ರನೂ ಅಸುರರಿಂದ ವಿರೋಚನನೂ ಪ್ರಜಾಪತಿಯ ಬಳಿಗೆ ಹೋಗಿ 32 ವರ್ಷ ಬ್ರಹ್ಮಚರ್ಯದಿಂದಿದ್ದರು. ನೀರು ತುಂಬಿದ ಪಾತ್ರೆಯಲ್ಲಿ ಕಾಣುವ ರೂಪವನ್ನು ತೋರಿಸಿದಾಗ ವಿರೋಚನನು ದೇಹವೇ ಆತ್ಮವೆಂದು ನಿಶ್ಚಯಿಸಿ, ಸಂತುಷ್ಟನಾಗಿ ಹೊರಟುಹೋದನು. ಇಂದ್ರನು ಅರ್ಧದಾರಿಯಲ್ಲಿಯೇ ನಿಂತನು. ದೇಹಕ್ಕೆ ಅಲಂಕಾರ ಮಾಡಿದರೆ ಆತ್ಮನು ಅಲಂಕೃತನಾಗುವನಾದರೆ, ದೇಹ ಕುರುಡಾದಾಗ ಅವನೂ ಕುರುಡಾಗಬೇಕು, ದೇಹ ನಾಶವಾದಾಗ ಅವನೂ ನಾಶವಾಗಬೇಕು. ಇದರಲ್ಲಿ ತನಗೆ ಭೋಗ್ಯವಾದುದೇನೂ ಕಾಣದೆಂದು ಹಿಂದಿರುಗಿದನು. ಮತ್ತೆ 32 ವರ್ಷ. ಸ್ವಪ್ನದಲ್ಲಿ ಸಂಚರಿಸುವವನು ಆತ್ಮನೆಂದಾಗ, ಸ್ವಪ್ನದಲ್ಲಿಯೂ ಅಳುವುದುಂಟೆಂದು ಮತ್ತೆ ಹಿಂದಿರುಗಿದನು. ಮತ್ತೆ 32 ವರ್ಷ. ಗಾಢನಿದ್ರೆಯಲ್ಲಿ ಪ್ರಸನ್ನನಾಗಿರುವವನು ಎಂದಾಗಲೂ ಇಂದ್ರನಿಗೆ ತೃಪ್ತಿಯಾಗಲಿಲ್ಲ. ಅಲ್ಲಿ ತಾನು ಇಂತಹವನೆಂದು ತನ್ನನ್ನೇ ಅರಿಯನು, ಇತರರನ್ನೂ ಅರಿಯನು, ವಿನಾಶಕ್ಕೆ ಹೋದಂತಿದ್ದಾನೆ ಎಂಬುದು ಅವನ ಆಕ್ಷೇಪಣೆ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಮಹಿಳೆ ಮಠದ ಹಜಾರದಲ್ಲಿ ನನ್ನನ್ನು ಕೇಳಿದ್ದೂ ಇಂದ್ರನ ಈ ಮೂರನೆಯ ಪ್ರಶ್ನೆಯನ್ನೇ. ತನ್ನನ್ನೂ ಅರಿಯದ, ಇತರರನ್ನೂ ಅರಿಯದ ಒಬ್ಬನಿಗೆ ಇನ್ನೇನು ಉಳಿಯಿತು? ಪ್ರಜಾಪತಿಯು ಆ ಪ್ರಶ್ನೆಯನ್ನು ಗದರಿಸಲಿಲ್ಲ. ಪ್ರಾರಬ್ಧವೆಂದು ಹೇಳಿ ಕಳುಹಿಸಲೂ ಇಲ್ಲ. ಇನ್ನು ಐದು ವರ್ಷ ಇರೆಂದನು. ಹೀಗೆ 101 ವರ್ಷಗಳು ತುಂಬಿದ ಮೇಲೆ ಹೇಳಿದ್ದೇನೆಂದರೆ, ಈ ದೇಹದಿಂದ ಮೇಲೆದ್ದ ಜೀವನು ಪರಂಜ್ಯೋತಿಯನ್ನು ಸೇರಿ ತನ್ನ ಸ್ವಂತ ರೂಪದಿಂದ ಪ್ರಕಟನಾಗುತ್ತಾನೆ, ಅಲ್ಲಿ ನಗುತ್ತಾ ಆಡುತ್ತಾ ಬಂಧುಗಳೊಡನೆ ವಿಹರಿಸುತ್ತಾನೆ, ತಾನು ಬಿಟ್ಟುಬಂದ ದೇಹದ ನೆನಪು ಅವನಿಗಿರುವುದಿಲ್ಲ ಎಂದು. ಸೇರುವವನು ಬೇರೆ, ಸೇರಲ್ಪಡುವ ಜ್ಯೋತಿ ಬೇರೆ. ಪ್ರಕಟವಾಗುವುದು ಅವನದೇ ರೂಪ. ಮುಕ್ತಿಯೆಂದರೆ ನಿಜಸುಖದ ಅನುಭವವೆಂದು ನಮ್ಮ ಸಂಪ್ರದಾಯದಲ್ಲಿ ಎಳೆಯರಿಗೂ ಕಲಿಸುವ ಪ್ರಮೇಯಕ್ಕೆ ಇದು ಆಧಾರ. "ನಿಜ" ಎಂದರೆ ಇಲ್ಲಿ ಸತ್ಯವೆಂದಲ್ಲ, ತನ್ನದೇ ಆದುದು ಎಂದರ್ಥ.

ಹಾಗಾದರೆ ಗಾಢನಿದ್ರೆಯ ಬಗೆಗೆ ಇಂದ್ರನು ಎತ್ತಿದ ಆಕ್ಷೇಪಣೆಗೆ ಏನು ಉತ್ತರ? ನಿದ್ರೆಯಿಂದೆದ್ದವನು ಸುಖವಾಗಿ ನಿದ್ರಿಸಿದೆನೆಂದು ಹೇಳುತ್ತಾನೆ. ಇದು ಊಹೆಯಲ್ಲ, ಸ್ಮರಣೆ. ಅನುಭವಿಸದೆ ಇದ್ದುದರ ಸ್ಮರಣೆ ಬರಲಾರದು. ನಿದ್ರೆಯಲ್ಲಿ ಕಣ್ಣು ಕಿವಿಗಳು ಕೆಲಸ ಮಾಡಲಿಲ್ಲ, ಮನಸ್ಸೂ ಕೆಲಸ ಮಾಡಲಿಲ್ಲ. ಆದರೂ ಸುಖವನ್ನು ಕಂಡವನೊಬ್ಬನಿದ್ದನು. ಅವನಿಗೆ ನಮ್ಮ ಸಿದ್ಧಾಂತದಲ್ಲಿ ಸಾಕ್ಷಿಯೆಂದು ಹೆಸರು. ಸಾಕ್ಷಿಯು ಜೀವನಿಗೆ ಹೊರಗಿನಿಂದ ಅಂಟಿಸಿದ ಉಪಕರಣವಲ್ಲ, ಜೀವನ ಸ್ವರೂಪಭೂತವಾದ ಇಂದ್ರಿಯ. ಮನಸ್ಸಾದರೋ ಜಡವಾದ ಉಪಕರಣ. ಸ್ಮರಣೆಯು ಮನಸ್ಸಿನಿಂದ ಹುಟ್ಟುವ ಜ್ಞಾನವೆಂದು ನಮ್ಮ ಟೀಕಾಚಾರ್ಯರು ನಿರ್ಣಯಿಸಿದ್ದಾರೆ. ಆದುದರಿಂದ ಉಪಕರಣವು ಕೆಟ್ಟರೆ ಸ್ಮರಣೆ ಕೆಡುವುದು ಸಹಜ. ಹೆಸರು, ಗುರುತು, ಮಂತ್ರ, ಲೆಕ್ಕ ಎಲ್ಲವೂ ಮನಸ್ಸಿನ ಮೂಲಕ ಬಂದವು, ಮನಸ್ಸಿನೊಡನೆ ಹೋದವು. "ನಾನು" ಎಂಬ ಅರಿವು ಮಾತ್ರ ಮನಸ್ಸಿನ ಮೂಲಕ ಬಂದುದಲ್ಲ. ಹೆಸರು ಮರೆತ ಮುದುಕನಿಗೂ ಹಸಿವಾದಾಗ "ನನಗೆ" ಹಸಿವಾಗುತ್ತದೆ, ನೋವಾದಾಗ "ನನಗೆ" ನೋವಾಗುತ್ತದೆ. ನಾನು ಯಾರೆಂಬುದನ್ನು ಅವರು ಮರೆತಿರಬಹುದು, ನಾನು ಎಂಬುದನ್ನು ಮರೆಯಲಿಲ್ಲ, ಮರೆಯಲು ಸಾಧ್ಯವೂ ಇಲ್ಲ.

ಇನ್ನೊಂದು ಮಾತು. ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಮೂರು ಅವಸ್ಥೆಗಳಿಗೂ ವಿಶ್ವ, ತೈಜಸ, ಪ್ರಾಜ್ಞರೆಂಬ ಭಗವದ್ರೂಪಗಳು ನಿಯಾಮಕವೆಂದು ಮಾಂಡೂಕ್ಯಭಾಷ್ಯದಿಂದ ತಿಳಿಯುತ್ತದೆ. ಎಚ್ಚರವಾಗುವುದೂ ಕನಸು ಕಾಣುವುದೂ ನಿದ್ರಿಸುವುದೂ ನಮ್ಮ ಸ್ವಾತಂತ್ರ್ಯದಿಂದಲ್ಲ. ಎಚ್ಚರವಿದ್ದಾಗ ಮಾತ್ರ ಅವನ ವಶದಲ್ಲಿದ್ದು, ಅರಿವು ಕುಂದಿದಾಗ ಅವನ ಕೈತಪ್ಪಿದೆವೆಂದು ಭಾವಿಸುವುದು ಸರಿಯಲ್ಲ. ಗಾಢನಿದ್ರೆಯಲ್ಲಿ ಜೀವನನ್ನು ಹಿಡಿದುಕೊಂಡಿರುವವನು ಪ್ರಾಜ್ಞನಾದರೆ, ಎಚ್ಚರವೂ ಅಲ್ಲದ ನಿದ್ರೆಯೂ ಅಲ್ಲದ ಆ ಮೂರು ವರ್ಷಗಳಲ್ಲಿ ಹಿಡಿದಿದ್ದವನೂ ಅವನೇ ಅಲ್ಲವೆ? ತತ್ತ್ವವು ಸ್ವತಂತ್ರವೆಂದೂ ಅಸ್ವತಂತ್ರವೆಂದೂ ಎರಡು ಬಗೆಯೆಂದು ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಹೇಳಿದ್ದು ಬರಿಯ ವಿಂಗಡಣೆಯಲ್ಲ. ಅಸ್ವತಂತ್ರನಾದ ಜೀವನು ಪ್ರತಿಬಿಂಬ, ಸ್ವತಂತ್ರನಾದ ಹರಿ ಅವನ ಬಿಂಬ. ಮೊದಲಲ್ಲಿ ಹೇಳಿದ ಶಬ್ದಾರ್ಥಗಳ ಮಾತಿಗೆ ಈಗ ಬರೋಣ. ಶಬ್ದವು ಅರ್ಥವನ್ನು ಪಡೆಯುವುದು ತಾನು ಹೇಳುವ ವಸ್ತುವಿನಿಂದ. ಓದುವವನ ಕನ್ನಡಕ ಒಡೆದಿದ್ದರೆ ಓದು ನಿಲ್ಲುತ್ತದೆ, ಪದದ ಅರ್ಥ ಹೋಗುವುದಿಲ್ಲ. ಜೀವನ ಅರ್ಥವು ಬಿಂಬದಲ್ಲಿರುವುದರಿಂದ, ಅದು ಅವನ ನೆನಪಿನ ಶಕ್ತಿಯನ್ನು ಅವಲಂಬಿಸಿಲ್ಲ.

ಹಾಗೆಂದು ಈ ಸುಖವು ಎಲ್ಲರಿಗೂ ಒಂದೇ ಅಳತೆಯದಲ್ಲ. ತೈತ್ತಿರೀಯದ ಆನಂದವಲ್ಲಿಯಲ್ಲಿ ಒಂದು ಲೆಕ್ಕವಿದೆ. ಯೌವನವಂತನೂ ಸಾಧುವೂ ವಿದ್ಯಾವಂತನೂ ದೃಢಕಾಯನೂ ಆದವನಿಗೆ ಸಂಪತ್ತು ತುಂಬಿದ ಭೂಮಿಯೆಲ್ಲವೂ ಒಡೆತನದಲ್ಲಿದ್ದರೆ ಅದು ಒಂದು ಮಾನುಷಾನಂದ. ಅಲ್ಲಿಂದ ಮನುಷ್ಯಗಂಧರ್ವರು, ದೇವಗಂಧರ್ವರು, ಪಿತೃಗಳು ಎಂದು ನೂರು ನೂರು ಪಟ್ಟು ಏರುತ್ತಾ ಹತ್ತನೆಯ ಹೆಜ್ಜೆಯಲ್ಲಿ ಚತುರ್ಮುಖನ ಆನಂದಕ್ಕೆ ಬರುತ್ತದೆ. ಲೆಕ್ಕ ಹಾಕಿದರೆ ಒಂದರ ಮುಂದೆ 20 ಸೊನ್ನೆಗಳು. ಈ ತಾರತಮ್ಯವನ್ನು ಕೇಳಿ ನಮ್ಮ ಯುವಕರು ಮುಖ ಸಿಂಡರಿಸುತ್ತಾರೆ. ಮುಕ್ತಿಯಲ್ಲಿಯೂ ಮೇಲು ಕೀಳೇ ಎಂದು ಕೇಳುತ್ತಾರೆ. ಚೆಂಬು ತುಂಬಿದರೂ ತುಂಬಿದ್ದೇ, ಕೆರೆ ತುಂಬಿದರೂ ತುಂಬಿದ್ದೇ ಎಂಬುದು ಹಿರಿಯರು ಹೇಳುವ ಉತ್ತರ. ಇದಕ್ಕೆ ನಾನು ಸೇರಿಸುವುದಿಷ್ಟೇ: ಪಕ್ಕದ ಮನೆಯವನ ಮಗನ ಅಂಕಗಳನ್ನೂ ಸಂಬಳವನ್ನೂ ನೋಡಿ ತನ್ನ ಮಗನನ್ನು ಅಳೆಯುವ ನಮ್ಮ ಈ ಊರಿನಲ್ಲಿ, ತನ್ನ ಪಾತ್ರೆಯಷ್ಟು ತುಂಬಿದರೆ ಪೂರ್ಣನಾಗುವೆನೆಂಬ ಮಾತು ಕಹಿಯಾಗಬೇಕಾಗಿಲ್ಲ. ಎಲ್ಲ ಜೀವರೂ ಮುಕ್ತಿಯೋಗ್ಯರಲ್ಲ, ಜೀವರಲ್ಲಿ ತ್ರೈವಿಧ್ಯವಿದೆ ಎಂಬ ಸಿದ್ಧಾಂತವನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಯಾರು ಯಾವ ವರ್ಗವೆಂದು ಹೇಳುವ ಅಧಿಕಾರ ನಮಗಾರಿಗೂ ಇಲ್ಲ. ಪಕ್ಕದವನ ಮೇಲೆ ಅದನ್ನು ಪ್ರಯೋಗಿಸುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಆ ಮಹಿಳೆ ಕೇಳದೆ ಉಳಿಸಿದ ಪ್ರಶ್ನೆ ಇನ್ನೊಂದಿತ್ತು. ತಂದೆಯವರ ಮೂರು ವರ್ಷಗಳನ್ನು ಕೇಳಿದರು, ತಮ್ಮ ಮೂರು ವರ್ಷಗಳನ್ನು ಕೇಳಲಿಲ್ಲ. ಬೆಳಿಗ್ಗೆ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಅದನ್ನು ಅವರು ಉಗುಳುವುದು, ಮತ್ತೆ ಬಟ್ಟೆ ಬದಲಿಸುವುದು. ಇಂದು ಮಾಡಿದ್ದು ನಾಳೆಗೆ ಉಳಿಯದು. ಫ್ರಾನ್ಸಿನ ಲೇಖಕ ಆಲ್ಬೆರ್ ಕಾಮೂ 1942ರ ತಮ್ಮ ಗ್ರಂಥದಲ್ಲಿ ಗ್ರೀಕರ ಸಿಸಿಫಸ್ ಎಂಬ ರಾಜನ ಕಥೆಯನ್ನು ಮಾನವಜೀವನದ ಪ್ರತೀಕವಾಗಿ ಎತ್ತಿಕೊಂಡರು. ಬೆಟ್ಟದ ಮೇಲಕ್ಕೆ ಬಂಡೆಯನ್ನು ಉರುಳಿಸುವುದು, ಅದು ಕೆಳಕ್ಕೆ ಬೀಳುವುದು, ಮತ್ತೆ ಉರುಳಿಸುವುದು. ಅರ್ಥವಿಲ್ಲವೆಂಬುದನ್ನು ಒಪ್ಪಿಕೊಂಡೂ ಸೋಲದಿರುವುದರಲ್ಲಿಯೇ ತೃಪ್ತಿಯಿದೆಯೆಂಬುದು ಅವರ ನಿಲುವು. ಧೈರ್ಯವನ್ನು ಮೆಚ್ಚಬೇಕು. ಆದರೆ ನನಗೆ ಆ ಕಥೆಯನ್ನು ಓದಿದಾಗಲೆಲ್ಲ ನಮ್ಮ ಕೀಮ್ಯಾನ್‌ಗಳ ನೆನಪಾಗುತ್ತದೆ. ಸುತ್ತಿಗೆ, ಸ್ಪ್ಯಾನರ್‌ಗಳನ್ನು ಹೊತ್ತು ತನ್ನ ಪಾಲಿನ ಹಳಿಯುದ್ದಕ್ಕೂ ಪ್ರತಿದಿನ ನಡೆಯುವುದು ಅವನ ಕೆಲಸ. ಒಂದು ಹಳಿಯನ್ನು ನೋಡುತ್ತಾ ಹೋಗಿ, ಇನ್ನೊಂದನ್ನು ನೋಡುತ್ತಾ ಮರಳಬೇಕು. ಸಡಿಲವಾದುದನ್ನು ಬಿಗಿಮಾಡುತ್ತಾನೆ, ಗಾಡಿಗಳು ಓಡಿ ಮತ್ತೆ ಸಡಿಲವಾಗುತ್ತದೆ, ಮರುದಿನ ಮತ್ತೆ ಬಿಗಿಮಾಡುತ್ತಾನೆ. ಬಂಡೆಯ ಕೆಲಸಕ್ಕೂ ಇದಕ್ಕೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಆದರೆ ಸಿಸಿಫಸನ ಬಂಡೆ ಯಾರಿಗೂ ಬೇಕಾಗಿರಲಿಲ್ಲ. ಕೀಮ್ಯಾನ್ ಬಿಗಿಮಾಡಿದ ಹಳಿಯ ಮೇಲೆ ರಾತ್ರಿ ಗಾಡಿ ಹಾದುಹೋಗುತ್ತದೆ, ಅದರಲ್ಲಿ ಮಲಗಿದವರಿಗೆ ಅವನ ಹೆಸರು ಗೊತ್ತಿರುವುದಿಲ್ಲ.

ಜನರ ಶುಶ್ರೂಷೆಯನ್ನು ಶ್ರೀಮದಾಚಾರ್ಯರು ಪ್ರಜೆಯು ಅರಸನಿಗೆ ಸಲ್ಲಿಸಬೇಕಾದ ಕರಕ್ಕೆ ಹೋಲಿಸಿದ್ದಾರೆ. ಕರವನ್ನು ವಸೂಲಿಗೆ ಬಂದವನ ಕೈಯಲ್ಲಿ ಕೊಟ್ಟರೂ ಅದು ಸೇರುವುದು ಅರಸನ ಬೊಕ್ಕಸವನ್ನೇ. ತಂದೆಯವರು ಮಗಳನ್ನು ಗುರುತಿಸಲಿಲ್ಲ, ನಿಜ. ಅವರೊಳಗಿದ್ದು ಸೇವೆಯನ್ನು ಸ್ವೀಕರಿಸಿದವನಿಗೆ ಮರೆವಿನ ರೋಗವಿರಲಿಲ್ಲ.

ಅಂದು ಮಾತಿನ ನಡುವೆ ಅವರು ಇನ್ನೊಂದು ಸಂಗತಿಯನ್ನೂ ಹೇಳಿದ್ದರು. ಕೊನೆಯ ತಿಂಗಳುಗಳಲ್ಲಿಯೂ, ಮಂಚದ ಬಳಿ ಉದ್ಧರಣೆಯು ಪಂಚಪಾತ್ರೆಗೆ ತಾಗಿ ಸದ್ದಾದರೆ ಸಾಕು, ತಂದೆಯವರ ಬಲಗೈ ತಾನಾಗಿ ಮೇಲೆದ್ದು ಗೋಕರ್ಣಾಕೃತಿಯಲ್ಲಿ ಮಡಚಿಕೊಳ್ಳುತ್ತಿತ್ತಂತೆ. ತೀರ್ಥವನ್ನು ಹಾಕಿದರೆ ಒಂದು ಹನಿಯೂ ಚೆಲ್ಲದಂತೆ ಸ್ವೀಕರಿಸುತ್ತಿದ್ದರಂತೆ. ಇದನ್ನು ನಾನು ಸಿದ್ಧಾಂತಕ್ಕೆ ಪ್ರಮಾಣವೆಂದು ಮುಂದಿಡುವುದಿಲ್ಲ. ಕೈಯ ಅಭ್ಯಾಸವು ಹೆಸರುಗಳ ನೆನಪಿಗಿಂತ ಹೆಚ್ಚು ಕಾಲ ಉಳಿಯುತ್ತದೆಂದು ವೈದ್ಯರು ಹೇಳುತ್ತಾರೆ, ಅದೂ ಸರಿಯೇ. ಆದರೆ ಅವರು ಅದನ್ನು ಹೇಳುವಾಗ ತಮ್ಮ ಬಲಗೈಯನ್ನೂ ಅರಿಯದೆಯೇ ಹಾಗೆ ಮಡಚಿ ಹಿಡಿದಿದ್ದರು. ನಾನು ಅದನ್ನು ನೋಡಿಯೂ ಪ್ರಾರಬ್ಧದ ಮಾತನ್ನಾಡಿದೆ.

ಮುಂದಿನ ತಿಂಗಳ ಮೊದಲ ಗುರುವಾರದಿಂದ ಛಾಂದೋಗ್ಯದ ಎಂಟನೆಯ ಅಧ್ಯಾಯದ ಪಾಠವನ್ನು ಆರಂಭಿಸಲಾಗುವುದು. ಪ್ರಜಾಪತಿಯ ಉಪದೇಶದ ಭಾಗವನ್ನು ಅವಸರಪಡದೆ ನಾಲ್ಕು ವಾರ ಓದೋಣವೆಂದಿದ್ದೇನೆ. ಆಸಕ್ತರು ಮೂಲ ಮತ್ತು ಭಾಷ್ಯದ ಪುಸ್ತಕವನ್ನು ತರಬೇಕು. ಇಲ್ಲದವರಿಗೆ ಮಠದ ಗ್ರಂಥಭಂಡಾರದಲ್ಲಿ ಕೆಲವು ಪ್ರತಿಗಳಿವೆ.

॥ ಶ್ರೀಕೃಷ್ಣಾರ್ಪಣಮಸ್ತು ॥